ಪೌಡರ್ ಎಂದು ಬರೆದ ಪೆಟ್ಟಿಗೆ

ಹೋದ ವಾರ ಕೊರಿಯರ್ ಅಂಗಡಿಗೆ ಹೋಗಿದ್ದೆ. ಹುಬ್ಬಳ್ಳಿಯಲ್ಲಿರುವ ತಂಗಿಯ ಮೊಮ್ಮಗನಿಗೆ ಬಟ್ಟೆಯ ಜೊತೆ ಒಂದು ಸೆಂಟ್ ಸ್ಪ್ರೇ ಇಟ್ಟಿದ್ದೆ. ಕೌಂಟರಿನ ಹುಡುಗಿ ಅದನ್ನು ಹೊರತೆಗೆದು, "ಗ್ಯಾಸ್ ತುಂಬಿರೋದು ಕಳಿಸೋ ಹಾಗಿಲ್ಲ ಅಜ್ಜಿ" ಎಂದು ನನ್ನ ಮುಂದಿಟ್ಟಳು. ಎತ್ತಿಕೊಳ್ಳುವಾಗ ಬೆರಳು ತಾಗಿ ಡಬ್ಬಿ ಬುಸ್ಸೆಂದಿತು. ಶಿವಮೊಗ್ಗ ರೈಲ್ವೆ ಸ್ಟೇಷನ್ನಿನ ಪಾರ್ಸಲ್ ಗುಮಾಸ್ತರು ಕಣ್ಣ ಮುಂದೆ ಬಂದು ನಿಂತರು...

ಅರವತ್ತರ ದಶಕದ ಮಾತು. ನನಗಾಗ ಇಪ್ಪತ್ತು ವರ್ಷ. ಟೈಪಿಂಗ್ ಕಲಿತು ಒಬ್ಬ ಸಾಹುಕಾರರ ಏಜೆನ್ಸಿ ಅಂಗಡಿಗೆ ಸೇರಿದ್ದೆ. ಅಪ್ಪ ಲಕ್ವ ಹೊಡೆದು ಮಲಗಿದ್ದರು. ಮನೆ ನಡೆಯುತ್ತಿದ್ದುದು ನನ್ನ ದುಡಿಮೆಯಲ್ಲಿ. ಭದ್ರಾವತಿಗೆ ಹೋಗುವ ಸಾಮಾನಿನ ಕಾಗದ ಟೈಪ್ ಮಾಡಿ, ಕೂಲಿಯವನ ಜೊತೆ ಸ್ಟೇಷನ್ನಿಗೆ ಹೋಗಿ ಪಾರ್ಸಲ್ ಹಾಕಿಸಿ ಬರುವುದೂ ನನ್ನ ಕೆಲಸವೇ.

ಗುಮಾಸ್ತರು ಹೊಳಲೂರಿನ ಕಡೆಯವರು. ಹಣೆಯಲ್ಲಿ ವಿಭೂತಿ, ಮೇಜಿನ ಮೇಲೆ ರಟ್ಟು ಹಾಕಿದ ನಿಯಮದ ಪುಸ್ತಕ. ಸಾಮಾನಿನ ಹೆಸರು ಆ ಪುಸ್ತಕದಲ್ಲಿ ಸಿಗುವವರೆಗೆ ರಸೀದಿ ಹರಿಯುತ್ತಿರಲಿಲ್ಲ. ಬಜಾರಿನವರು ಬೆನ್ನ ಹಿಂದೆ ನಗುತ್ತಿದ್ದರು. ಗುಮಾಸ್ತರಿಗೆ ಅದು ಗೊತ್ತಿತ್ತು. "ಯಾರೋ ಒಬ್ಬ ಸುಟ್ಕೊಂಡ ಮೇಲೇ ಇಂಥ ನಿಯಮ ಬರೆದಿರ್ತಾರೆ ತಂಗಿ" ಎಂದು ಒಮ್ಮೆ ನನಗೆ ಹೇಳಿದ್ದರು.

ಆ ವರ್ಷ ಮುಂಬಯಿಯಿಂದ ಒಂದು ಹೊಸ ಸಾಮಾನು ಬಂತು. ತಲೆ ಒತ್ತಿದರೆ ಬುಸ್ಸೆಂದು ಹೊಗೆಯಂತೆ ಹಾರುವ ಸೊಳ್ಳೆ ಔಷಧಿಯ ಡಬ್ಬಿ. ಮೊದಲ ಪೆಟ್ಟಿಗೆ ಒಯ್ದಾಗ ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಗುಮಾಸ್ತರು ಪುಸ್ತಕ ತೆರೆದು ಬೆರಳಿಟ್ಟು ಓದಿದರು: ಒಳಗೆ ಒತ್ತಿ ತುಂಬಿದ ಗ್ಯಾಸಿದೆ, ಕೆಂಪು ಚೀಟಿ ಅಂಟಿಸಬೇಕು, ಡಬ್ಬಿಗಳನ್ನು ನೆಟ್ಟಗೆ ಜೋಡಿಸಬೇಕು, ಬಿಸಿಲು ಬೆಂಕಿ ತಾಗಬಾರದು, ಜನರಿರುವ ಗಾಡಿಯಲ್ಲಿ ಹಾಕುವಂತಿಲ್ಲ. ಪೆಟ್ಟಿಗೆ ಗೂಡ್ಸ್ ಗಾಡಿಗೆ ಕಾದು ಐದು ದಿನ ತಡವಾಗಿ ಹೋಯಿತು. ಸಾಹುಕಾರರು ನನ್ನ ಮೇಲೆ ರೇಗಿದರು.

ಎರಡನೆಯ ಪೆಟ್ಟಿಗೆ ಭದ್ರಾವತಿಯ ಕಾರ್ಖಾನೆ ಗೆಸ್ಟ್ ಹೌಸಿಗೆ. ಯಾರೋ ದೊಡ್ಡವರು ಬರುವವರಿದ್ದರು, ಅದೇ ಸಂಜೆಗೆ ಬೇಕಂತೆ. "ಮುಖಕ್ಕೆ ಹಚ್ಚೋ ಪೌಡರ್ ಅಂತ ಟೈಪ್ ಮಾಡಮ್ಮ" ಎಂದರು ಸಾಹುಕಾರರು. ನಾನು ಮಾಡಿದೆ.

ಗುಮಾಸ್ತರು ಕಾಗದ ನೋಡಿದರು, ನನ್ನ ಮುಖ ನೋಡಿದರು. "ಪೌಡರಾ?"

"ಹೌದು ಸಾರ್."

ಹಿಂದಿನ ಸಲ ನಿಜ ಹೇಳಿದವಳು ನಾನು. ಅದಕ್ಕೇ ನಂಬಿದರು. ಪುಸ್ತಕ ತೆರೆಯಲೇ ಇಲ್ಲ.

ಏಪ್ರಿಲ್ ತಿಂಗಳ ಉರಿಬಿಸಿಲು. ರೈಲು ತಡ. ಪೆಟ್ಟಿಗೆ ಹೊತ್ತ ಕೈಗಾಡಿ ಲ್ಯಾಂಪ್ ರೂಮಿನ ಗೋಡೆಗೆ ಒರಗಿ ನಿಂತಿತ್ತು. ಒಳಗೆ ಸ್ಟೇಷನ್ನಿನ ದೀಪಗಳಿಗೆಲ್ಲ ಬೇಕಾದ ಸೀಮೆಎಣ್ಣೆಯ ಪೀಪಾಯಿಗಳು. ಗಾಡಿಯ ನೆರಳಿನಲ್ಲಿ ಒಬ್ಬ ತಾಯಿ ಮಗುವಿಗೆ ಹಾಲೂಡಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಒಬ್ಬ ಮುದುಕ ಬೀಡಿ ಕಟ್ಟು ಬಿಚ್ಚುತ್ತಿದ್ದ. ಪೆಟ್ಟಿಗೆ ರೈಲು ಹತ್ತುವವರೆಗೆ ಕದಲಬಾರದೆಂದು ಸಾಹುಕಾರರು ಹೇಳಿದ್ದರಿಂದ ನಾನು ಕಂಬದ ಬಳಿ ನಿಂತಿದ್ದೆ. ಆಗ ಕೇಳಿಸಿತು... ಸಣ್ಣಗೆ, ಹಾವಿನಂತೆ ಬುಸುಗುಡುವ ಸದ್ದು. ಪೆಟ್ಟಿಗೆ ಮುಚ್ಚುವಾಗ ಹೊಡೆದ ಮೊಳೆ ಯಾವುದೋ ಡಬ್ಬಿಗೆ ತಾಗಿತ್ತೆಂದು ಆಮೇಲೆ ತಿಳಿಯಿತು. ಡಬ್ಬಿ ಸೋರುತ್ತಿದೆ ಎಂದಷ್ಟು ನನಗೆ ಆಗಲೇ ಅರ್ಥವಾಯಿತು. ಹೇಳಲು ಬಾಯಿ ಬರಲಿಲ್ಲ. ಕೆಲಸ ಹೋದೀತು ಎಂಬುದೊಂದೇ ತಲೆಯಲ್ಲಿ. ಹತ್ತು ನಿಮಿಷ ಹಾಗೇ ನಿಂತೆ.

ಗುಮಾಸ್ತರು ಮೂಗರಳಿಸುತ್ತಾ ಹೊರಗೆ ಬಂದರು. ಪೆಟ್ಟಿಗೆಗೆ ಕಿವಿಯಿಟ್ಟರು. ನೆಟ್ಟಗೆ ನನ್ನ ಬಳಿ ಬಂದರು. "ತಂಗಿ, ನಿಜ ಹೇಳು. ಏನಿದೆ ಅದ್ರಲ್ಲಿ?"

"ಸೊಳ್ಳೆ ಔಷಧಿ ಸಾರ್... ಆ ಡಬ್ಬಿಗಳು..."

ಮುದುಕ ಅಷ್ಟರಲ್ಲಿ ಕಡ್ಡಿ ತೆಗೆದಿದ್ದ. ಗುಮಾಸ್ತರು ಓಡಿಹೋಗಿ ಅವನ ಕೈಯಿಂದ ಬೆಂಕಿಪೆಟ್ಟಿಗೆ ಕಿತ್ತರು. "ಏಳಮ್ಮ, ಏಳು! ಮಗು ಎತ್ಕೊಂಡು ಆಚೆ ಓಡು! ಎಲ್ಲಾ ದೂರ ಹೋಗ್ರಿ!" ಎಂದು ಕೂಗಿದರು. ಜನ ಚೆದುರಿದರು. ಲ್ಯಾಂಪ್ ರೂಮಿನ ಪಕ್ಕ ಪೆಟ್ಟಿಗೆಯನ್ನು ಬಿಡುವಂತಿರಲಿಲ್ಲ. ಕೂಲಿಗಳಾರೂ ಮುಂದೆ ಬರಲಿಲ್ಲ. ಗುಮಾಸ್ತರೊಬ್ಬರೇ ಗಾಡಿಯ ಹಿಡಿಗೆ ಎದೆ ಕೊಟ್ಟು ಪ್ಲಾಟ್‌ಫಾರಂನ ತುದಿಯವರೆಗೆ ನೂಕಿಕೊಂಡು ಹೋದರು. ಇಳಿಜಾರಿನಲ್ಲಿ ಕಬ್ಬಿಣದ ಚಕ್ರ ಕಲ್ಲಿಗೆ ಉಜ್ಜಿತು. ಕಿಡಿ ಹಾರಿರಬೇಕು. ಭಗ್ಗೆಂದಿತು. ಹಿಂದೆಯೇ ಡಬ್ಬಿಗಳು ಒಂದೊಂದಾಗಿ ಸಿಡಿದವು.

ಯಾರಿಗೂ ಏನೂ ಆಗಲಿಲ್ಲ, ಅವರೊಬ್ಬರನ್ನು ಬಿಟ್ಟು. ತಗಡಿನ ಚೂರು ಎಡಗಣ್ಣಿಗೆ ಹೊಕ್ಕಿತ್ತು. ಡಾಕ್ಟರಿಗೆ ಆ ಕಣ್ಣು ಉಳಿಸಲಾಗಲಿಲ್ಲ.

ವಿಚಾರಣೆಗೆ ಮೇಲಿನ ಅಧಿಕಾರಿಯೊಬ್ಬರು ಬಂದರು. ಹಿಂದಿನ ದಿನ ಸಾಹುಕಾರರು ಒಂದು ಕಾಗದ ನನ್ನ ಮುಂದಿಟ್ಟರು. ಪೌಡರ್ ಎಂದು ಬರೆಯಲು ಗುಮಾಸ್ತರೇ ಹೇಳಿಕೊಟ್ಟರು ಎಂದು ಅದರಲ್ಲಿತ್ತು. "ಸೈನ್ ಹಾಕಮ್ಮ. ನಿಮ್ಮಪ್ಪನ ಔಷಧಿ ಖರ್ಚು ನಾನು ನೋಡ್ಕೊಳ್ತೀನಿ" ಎಂದರು. ಕಾಗದವನ್ನು ಮನೆಗೆ ತಂದು ಅಪ್ಪನಿಗೆ ಓದಿ ಹೇಳಿದೆ. ಅಪ್ಪನಿಗೆ ಮಾತು ನಿಂತಿತ್ತು. ಓಡಾಡುವ ಒಂದೇ ಕೈ ಚಾಚಿ ಕಾಗದವನ್ನು ಮುದುಡಿದರು.

ಮರುದಿನ ಅಧಿಕಾರಿಯ ಎದುರು ಹೇಳಿದೆ: "ಟೈಪ್ ಮಾಡಿದ್ದು ನಾನು. ಅವರು ಕೇಳಿದಾಗ ಸುಳ್ಳು ಹೇಳಿದ್ದೂ ನಾನು." ಬೆಂಚಿನ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಗುಮಾಸ್ತರು ತಲೆ ಎತ್ತಲಿಲ್ಲ.

ಅವರ ಕೆಲಸ ಉಳಿಯಿತು, ನನ್ನದು ಹೋಯಿತು. ಸಾಹುಕಾರರಿಗೆ ದಂಡ ಬಿತ್ತು. ಒಂದು ವರ್ಷ ಅಲ್ಲಿ ಇಲ್ಲಿ ಅಲೆದು ಭದ್ರಾವತಿಯ ಶಾಲೆಯೊಂದರಲ್ಲಿ ಟೈಪಿಸ್ಟ್ ಆದೆ. ಒಂದು ದಿನ ಅಲ್ಲಿಯ ಸ್ಟೇಷನ್ನಿನ ಟಿಕೆಟ್ ಕಿಟಕಿಯಲ್ಲಿ, ವರ್ಗವಾಗಿ ಬಂದಿದ್ದ ಆ ಗುಮಾಸ್ತರೇ ಕೂತಿದ್ದರು. ನನ್ನ ಗುರುತು ಹಿಡಿಯಲು ಮುಖವನ್ನು ಪೂರ್ತಿ ಹೊರಳಿಸಬೇಕಾಯಿತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು.

"ನೀನು ಹೇಳಿದ್ದಕ್ಕೆ ಆ ತಾಯಿ ಮಗು ಉಳ್ಕೊಂಡ್ರು. ಒಳ್ಳೇದಾಯ್ತು." ಟಿಕೆಟ್ ಮುಂದೆ ಸರಿಸುತ್ತಾ, "ಇನ್ನೊಂಚೂರು ಮೊದ್ಲೇ ಹೇಳಬಹುದಿತ್ತಲ್ಲಮ್ಮ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ... ಹಿಂದೆ ನಿಂತವರು ಅವಸರ ಮಾಡಿದರು. ನಾನು ಸರಿದೆ.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ವರ್ಷ ಕಳೆದ ಮೇಲೆ. ಕ್ಷಮೆ ಕೇಳಲು ಈಗ ಯಾರೂ ಇಲ್ಲ. ಆ ಮಗುವಿಗೆ ಅರವತ್ತು ತುಂಬಿರಬೇಕು, ಎಲ್ಲಿದೆಯೋ, ಹೇಗಿದೆಯೋ. ಅದಕ್ಕೆ ಅವರ ಮುಖವೂ ಗೊತ್ತಿಲ್ಲ, ನನ್ನ ಸುಳ್ಳೂ ಗೊತ್ತಿಲ್ಲ. ಎರಡನ್ನೂ ಬಲ್ಲವಳು ನಾನೊಬ್ಬಳು ಉಳಿದಿದ್ದೇನೆ.