ತುಳಸಾ ಕೊಟ್ಟ ಅರ್ಜಿ

ಹಳಿಯಾಳದ ಕಡೆಯ ಆ ಊರಿನಲ್ಲಿ ಬೆಳಿಗ್ಗೆ ನಲ್ಲಿಗೆ ನೀರು ಬಂತೆಂದರೆ ಅದು ತುಳಸಾ ಸಿದ್ದಿಯ ಕೆಲಸ. ಹನ್ನೊಂದು ವರ್ಷದಿಂದ ಪಂಚಾಯ್ತಿಯ ವಾಲ್ವು ತಿರುಗಿಸುವವಳು ಅವಳು. ಇಂದು ಯಾವ ಓಣಿಗೆ ನೀರು ಎಂದು ‘ಕುಡಿಯುವ ನೀರು’ ಎಂಬ ವಾಟ್ಸಾಪ್ ಗುಂಪಿಗೆ ಹಾಕುವವಳೂ ಅವಳೇ. ಗಳಿಗೆ ತಡವಾದರೆ ಊರು ಅವಳ ಮೇಲೆ ಹರಿಹಾಯುತ್ತಿತ್ತು, ಅವಳೂ ಸುಮ್ಮನೆ ಕೇಳಿಸಿಕೊಳ್ಳುವ ಪೈಕಿಯಲ್ಲ.

ಒಂದು ದಿನ ಪಂಚಾಯ್ತಿಯ ಅಧಿಕಾರಿ ಉದಯಕುಮಾರ ಅದೇ ಗುಂಪಿಗೆ ಒಂದು ಜೋಕು ಹಾಕಿದ. ಕರೆಂಟು ಹೋದಾಗ ತುಳಸಾಳನ್ನು ಹುಡುಕುವುದು ಹೇಗೆ? ನಗಿಸಬೇಕು, ಹಲ್ಲಾದರೂ ಕಾಣುತ್ತವೆ. ಕಾರ್ಯದರ್ಶಿ ಲೋಕೇಶ ‘ಸೂಪರ್ ಸರ್’ ಎಂದು ಬರೆದು ಅದನ್ನು ಇನ್ನೂ ನಾಲ್ಕು ಗುಂಪುಗಳಿಗೆ ದಾಟಿಸಿದ. ಸರ್ಕಾರದ ಸಂಬಳ ತಿನ್ನುವ ಈ ಮಹಾಶಯರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ, ನೋಡಿ. ತುಳಸಾ ಇಬ್ಬರ ಮೇಲೂ ಅಂದೇ ತಾಲೂಕು ಕಚೇರಿಗೆ ಅರ್ಜಿ ಕೊಟ್ಟು ಬಂದಳು.

ಉದಯಕುಮಾರ ಕರೆಸಿದ. “ತಮಾಷೆಗೆ ಹಾಕಿದ್ದು. ಅರ್ಜಿ ವಾಪಸ್ ತಗೋ, ಇಲ್ಲಂದ್ರ ಮುಂದಿನ ತಿಂಗಳಿಂದ ಬ್ಯಾರೆಯವ್ರು ನೀರು ಬಿಡ್ತಾರ. ನೋಡಿಲ್ಲಿ, ಮೆಂಬರ್ ನೀಲಕ್ಕನೂ ನಕ್ಕಾಳ.”

ಜೋಕಿನ ಕೆಳಗೆ ನೀಲಕ್ಕನ ಹೆಸರಿನಲ್ಲಿ ಮೂರು ನಗುವ ಮುಖಗಳಿದ್ದವು. ಕೆಲಸ ಹೋಗುವ ಭಯಕ್ಕಿಂತ ಹೆಚ್ಚು ತುಳಸಾಳನ್ನು ಸುಟ್ಟದ್ದು ಅದು. ಹಬ್ಬಕ್ಕೆ ಕರೆದು ಕಡಬು ಕೊಡುವ ನೀಲಕ್ಕನೂ ನಕ್ಕಳೇ? ಆದರೂ ಅವಳು ಅರ್ಜಿ ಹಿಂದೆ ತೆಗೆದುಕೊಳ್ಳಲಿಲ್ಲ.

ವಿಚಾರಣೆಗೆ ತಾಲೂಕಿನಿಂದ ಶಾಂತಾದೇವಿ ಎಂಬ ಅಧಿಕಾರಿ ಬಂದರು. ಊರವರೆಲ್ಲ ಪಂಚಾಯ್ತಿಯಲ್ಲಿ ಸೇರಿದರು. ಉದಯಕುಮಾರ ಮತ್ತೆ ಅದೇ ರಾಗ ಎಳೆದ: ಎಲ್ಲರೂ ತಮಾಷೆ ಎಂದೇ ತಿಳಿದಿದ್ದಾರೆ, ನೀಲಕ್ಕನೇ ಸಾಕ್ಷಿ.

ತುಳಸಾ ಎದ್ದು ನಿಂತಳು. “ಮೇಡಂ, ನಮ್ಮ ಪಂಚಾಯ್ತಿಯೊಳಗ ಯಾವ ಕಾಗದ ಬಂದ್ರೂ ಓದಾಕ ಬರದವ್ರ ಸಲುವಾಗಿ ಎಲ್ಲಾರ ಮುಂದ ಓದೂದು ಪದ್ಧತಿ ಐತ್ರಿ. ಇದನ್ನೂ ಓದಸ್ರಿ. ಹಾಕಿದವ್ರ ಓದ್ಲಿ.”

ಶಾಂತಾದೇವಿ ಒಪ್ಪಿದರು. ಉದಯಕುಮಾರ ಎದ್ದ. ಫೋನಿನಲ್ಲಿ ಸಲೀಸಾಗಿ ಹೋಗಿದ್ದ ಎರಡು ಸಾಲು ಅವನ ಬಾಯಲ್ಲಿ ಸಿಕ್ಕಿಕೊಂಡವು. ನಡುವೆ ನಿಲ್ಲಿಸಿದ. “ಪೂರ್ತಿ ಓದ್ರಿ,” ಎಂದಳು ತುಳಸಾ. ಓದಿದ. ಒಬ್ಬರೂ ನಗಲಿಲ್ಲ.

ನೀಲಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. “ಇದನ್ನ ಹಾಕಿದ್ನೇನ ಇಂವ? ನನಗ ಓದಾಕ ಬರಂಗಿಲ್ರಿ ಮೇಡಂ. ತುಳಸಾ ನೀರಿನ ಸುದ್ದಿ ಹಾಕ್ಯಾಳ ಅಂತ ತಿಳದು ಒತ್ತೇನಿ. ನನಗ ಗೊತ್ತಿರೂದು ಅದೊಂದ ಚಿತ್ರ. ಗೂಳಪ್ಪ ಸತ್ತ ಸುದ್ದಿಗೂ ಅದನ್ನ ಒತ್ತೇನಿ.”

ಈಗ ಊರೆಲ್ಲ ಬಿದ್ದು ಬಿದ್ದು ನಕ್ಕಿತು, ಗೂಳಪ್ಪನ ಮಗನೂ ನಕ್ಕ. ನೀಲಕ್ಕ ಮಾತ್ರ ನಗಲಿಲ್ಲ. “ನೀಲಕ್ಕ ನಕ್ಕಿಲ್ಲ ಅಂತ ಬರಕೋರಿ. ಹೆಬ್ಬೆಟ್ಟು ಒತ್ತತೇನಿ,” ಎಂದು ಮೇಜಿನವರೆಗೂ ನಡೆದು ಹೋಗಿ ಒತ್ತಿದಳು. ತುಳಸಾಳ ಕಣ್ಣು ತುಂಬಿ ಬಂತು.

ಹತ್ತನೇ ದಿನಕ್ಕೆ ಉದಯಕುಮಾರ, ಲೋಕೇಶ ಇಬ್ಬರಿಗೂ ಅಮಾನತಿನ ಆದೇಶ ಬಂತು. ವಾಲ್ವು ತುಳಸಾಳ ಕೈಯಲ್ಲೇ ಉಳಿಯಿತು. ಅಂದು ಸಂಜೆ ಉದಯಕುಮಾರ ಅವಳ ಮನೆ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತ. “ತುಳಸಾ ಅವ್ರ, ದೊಡ್ಡ ಮನಸ್ಸು ಮಾಡ್ರಿ. ಅರ್ಜಿ ವಾಪಸ್ ತಗೋರಿ.”

ತುಳಸಾ ಕೂರಲು ಕುರ್ಚಿ ಹಾಕಿದಳು, ಕುಡಿಯಲು ನೀರು ಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ಕಾದಳು.

“ಅರ್ಜಿ ನಾ ತಮಾಷೆಗೆ ಬರದದ್ದಲ್ರಿ ಸಾಹೇಬ್ರ,” ಎಂದಳು.