ಕಂಬ ಕೀಳಿಸಿದ ಅಕ್ಕ

ಕೆಲಸದವರು ಅವಳಿಗೆ ಕೀಳಕ್ಕ ಎಂದು ಹೆಸರಿಟ್ಟಿದ್ದರು. ಸೋಲಾರ್ ಪ್ಯಾನೆಲ್‌ಗಳನ್ನು ಹೊರುವ ಉಕ್ಕಿನ ಕಂಬ ನೆಲದೊಳಗೆ ಎಷ್ಟು ಆಳಕ್ಕೆ ಇಳಿಯಬೇಕೆಂದು ಲೆಕ್ಕ ಹಾಕುವವಳು ಅವಳೇ. ಇಳಿಸಿದ ಮೇಲೆ ಅಲ್ಲೊಂದು ಇಲ್ಲೊಂದನ್ನು ಸರಪಳಿ ಹಾಕಿ ಮೇಲಕ್ಕೆಳೆದು ನೋಡುವವಳೂ ಅವಳೇ. ಕೀಳು ಎಂಬ ಮಾತಿಗೆ ಇನ್ನೊಂದು ಅರ್ಥವಿದೆಯೆಂಬುದು ಹೆಸರಿಟ್ಟವರಿಗೆ ಚೆನ್ನಾಗಿ ಗೊತ್ತಿತ್ತು. ಒಮ್ಮೆ ಒಬ್ಬ ವೆಲ್ಡರ್ ಆ ಹೆಸರನ್ನು ರಾಗ ಎಳೆದು ಮುಖಕ್ಕೇ ಕರೆದ. ಅವಳು ಕೆನ್ನೆಗೆ ಬಾರಿಸಿದಳು. ಆಮೇಲೆ ಏನೂ ಆಗದವಳಂತೆ ಅವನ ಬೆಸುಗೆಯನ್ನು ಬಗ್ಗಿ ನೋಡಿ, ಚೆನ್ನಾಗಿದೆ ಅಂದಳು.

ಏಟು ಅವಳಿಗೆ ಮನೆಯಿಂದಲೇ ಬಂದ ಭಾಷೆ. ಅಪ್ಪ ಕಲ್ಲುಗಣಿಯಲ್ಲಿ ಸಿಡಿಮದ್ದು ಇಡುತ್ತಿದ್ದವನು. ಕಿವಿ ಮಂದ, ಕೈ ಜೋರು. ಕೇಳಿಸದ್ದನ್ನೆಲ್ಲ ಎದುರುತ್ತರವೆಂದೇ ತಿಳಿದು ಬೆಲ್ಟು ಬಿಚ್ಚುತ್ತಿದ್ದ. ಒಂದು ದಿನ ತಮ್ಮನ ತಲೆಯನ್ನು ಬಾಗಿಲ ಚೌಕಟ್ಟಿಗೆ ಚಚ್ಚುತ್ತಿದ್ದಾಗ ಅವಳು ಅಪ್ಪನ ಮುಂಗೈಯನ್ನು ಕಚ್ಚಿ ಹಿಡಿದಳು, ಬಾಯಿ ತುಂಬ ರಕ್ತ ಬರುವವರೆಗೂ ಬಿಡಲಿಲ್ಲ. ಅಂದಿನಿಂದ ಅಪ್ಪ ಅವಳ ಮೈ ಮುಟ್ಟಲಿಲ್ಲ. ಅವಳ ಪಾಲಿನ ಏಟೂ ತಮ್ಮನಿಗೇ ಬಿತ್ತು. ಅಷ್ಟರಲ್ಲಿ ಅವಳು ಓದಲೆಂದು ಹಾಸ್ಟೆಲ್ ಸೇರಿದ್ದಳು, ನೋಡಲಿಲ್ಲ.

ತಮ್ಮ ಓದು ಬಿಟ್ಟು ಯಂತ್ರ ಹಿಡಿದ. ಕಂಬ ಹೊಡೆಯುವ ಯಂತ್ರ ತೆವಳುತ್ತ ಬಂದು, ಕಂಬವನ್ನು ನೆಟ್ಟಗೆ ಹಿಡಿದು, ನೆತ್ತಿಯ ಮೇಲೆ ಎಡೆಬಿಡದೆ ಬಡಿಯುತ್ತದೆ. ನೆಲ ನಡುಗುತ್ತದೆ, ನಿಂತವರ ಹಲ್ಲು ಜುಮ್ಮೆನ್ನುತ್ತದೆ. ಅವನಿಗೆ ಆ ಸದ್ದೆಂದರೆ ಪ್ರಾಣ. ಅಕ್ಕ ಹೇಳಿದಳೆಂದೇ ಕಂಪನಿ ಅವನಿಗೆ ಗುಡ್ಡದ ಬದಿಯ ಸಾಲುಗಳನ್ನು ವಹಿಸಿತು.

ಆ ಬದಿಯಲ್ಲಿ ಮಣ್ಣಿನ ಕೆಳಗೆಲ್ಲ ಬಂಡೆ. ಕಂಬ ಅರ್ಧಕ್ಕೇ ನಿಂತುಬಿಡುತ್ತಿತ್ತು. ಹಾಗೆ ನಿಂತರೆ ಅದನ್ನು ತೆಗೆದು, ಬಂಡೆ ಕೊರೆದು, ಮತ್ತೆ ಇಳಿಸಿ ಕಾಂಕ್ರೀಟ್ ತುಂಬಬೇಕೆಂದು ಅವಳು ನಕ್ಷೆಯಲ್ಲೇ ಹೇಳಿದ್ದಳು. ಕೊರೆಯುವುದು ನಿಧಾನದ ಕೆಲಸ, ತಮ್ಮನಿಗೆ ತಾಳ್ಮೆಯಿಲ್ಲ. ಹೊರಗೆ ಉಳಿದ ತುದಿಯನ್ನು ಗ್ಯಾಸ್ ಕಟರಿನಿಂದ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಬೆಳ್ಳಿ ಬಣ್ಣ ಬಳಿದು ಮುಂದೆ ಹೋದ. ದೂರದಿಂದ ನೋಡಿದರೆ ಎಲ್ಲ ಕಂಬಗಳೂ ಒಂದೇ ಎತ್ತರ.

ಅವಳು ಹತ್ತಿರ ಹೋಗಿ ಉಗುರಿನಿಂದ ಕೆರೆದಳು. ಬಣ್ಣ ಸಿಪ್ಪೆಯೆದ್ದು ಬಂತು. ಕಂಬದ ಮೇಲೆ ಕಬ್ಬಿಣದ ಮುಕ್ಕಾಲಿ ನಿಲ್ಲಿಸಿ ಚೈನ್ ಪುಲ್ಲಿ ಬಿಗಿಸಿದಳು. ಅವಳ ಜೀಪಿನ ಡ್ರೈವರ್ ನಾಲ್ಕೆಳೆತ ಎಳೆಯುವಷ್ಟರಲ್ಲಿ ಕಂಬ ಮೂಲಂಗಿಯಂತೆ ಕಿತ್ತು ಬಂತು. ಬುಡ ಬಂಡೆಗೆ ಬಡಿದು ಜಜ್ಜಿಹೋಗಿತ್ತು. ಪ್ಯಾನೆಲ್ಲಿನ ಭಾರವನ್ನು ಎಂಥ ಕಂಬವೂ ಹೊರುತ್ತದೆ. ಗಾಳಿ ಪ್ಯಾನೆಲ್ಲಿನ ಹೊಟ್ಟೆಯಡಿ ನುಗ್ಗಿ ಮೇಲಕ್ಕೆತ್ತಿದಾಗ ಹಿಡಿದಿಡುವುದು ಕಂಬದ ಆಳ. ಇಲ್ಲಿ ಆ ಆಳವೇ ಇರಲಿಲ್ಲ.

ಕೆಂಪು ಬಣ್ಣದ ಡಬ್ಬಿ ತೆಗೆದು, ಸಾಲಿನ ಕಂಬಗಳಿಗೆಲ್ಲ ಗುರುತು ಹಾಕುತ್ತ ನಡೆದಳು. ತಮ್ಮ ಯಂತ್ರ ನಿಲ್ಲಿಸಿ ಇಳಿದು ಬಂದ. ಕೈಯಲ್ಲಿ ದೊಡ್ಡ ಸ್ಪ್ಯಾನರ್.

“ಅಕ್ಕಾ, ಡಬ್ಬಿ ಕೆಳಗಿಡು.”

“ಇವಿಷ್ಟೂ ಕೀಳಬೇಕು. ನೀನೇ ಕೀಳ್ತೀಯೋ, ಬೇರೆಯವರನ್ನ ಕರೆಸ್ಲೋ?”

“ಅವತ್ತು ಅಪ್ಪನ್ನ ಕಚ್ಚಿ ನೀನು ಹೊರಟೋದೆ. ನಿನ್ನ ಪಾಲಿನ ಏಟೂ ನಾನೇ ತಿಂದೆ. ಅದಕ್ಕಾದ್ರೂ ಒಂದ್ಸಲ ಸುಮ್ನಿರು.”

ಆ ಮಾತು ಅವಳಿಗೆ ನಾಟಿತು. ಆದರೂ ಬೆನ್ನು ತಿರುಗಿಸಿ, ಬಗ್ಗಿ, ಮುಂದಿನ ಕಂಬಕ್ಕೂ ಗುರುತು ಹಾಕಿದಳು.

ಸ್ಪ್ಯಾನರ್ ಹಿಂದಿನಿಂದ ಹೆಗಲ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಡ್ರೈವರಿಗೂ ಕೇಳಿಸಿತಂತೆ. ಮಂಡಿಯೂರಿದವಳು ಇನ್ನೊಂದು ಕೈಯಿಂದ ಡಬ್ಬಿ ಬೀಸಿ ಅವನ ಬಾಯಿಗೆ ಹೊಡೆದಳು. ಹಲ್ಲು ಉದುರಿತು, ಬಣ್ಣ ಯಾವುದು, ರಕ್ತ ಯಾವುದು ತಿಳಿಯದಂತೆ ಮುಖ ತೊಯ್ದುಹೋಯಿತು. ಅವನು ಅವಳನ್ನು ಕೆಡವಿ ಪಕ್ಕೆಗೆ ಒದೆಯತೊಡಗಿದ. ಅಕ್ಕ-ತಮ್ಮನ ಜಗಳ ನಮಗೇಕೆ ಎಂದು ಅವನ ಆಳುಗಳು ಕೈಕಟ್ಟಿ ನಿಂತರು. ಡ್ರೈವರ್ ಮುಕ್ಕಾಲಿಯ ಕಾಲೊಂದನ್ನು ಬಿಚ್ಚಿ ಅವನ ಬೆನ್ನಿಗೆ ಬಾರಿಸಿದ ಮೇಲೆಯೇ ಒದೆತ ನಿಂತದ್ದು.

ಆಸ್ಪತ್ರೆಗೆ ಬಂದ ಕಂಪನಿಯ ಮ್ಯಾನೇಜರ್, ಮನೆಯ ಮಾತು ಮನೆಯಲ್ಲೇ ಮುಗಿಯಲಿ ಎಂದು ನಯವಾಗಿ ಹೇಳಿ ಹೋದ. ಅವಳು ಪೊಲೀಸರಿಗೆ ಎಲ್ಲವನ್ನೂ ಹೇಳಿದಳು. ಅಮ್ಮ ಮಂಚದ ಕಂಬಿ ಹಿಡಿದು ನಿಂತು, “ನಿನ್ನ ಬೆನ್ನಿಗೆ ಬಿದ್ದವನು ಕಣೇ ಅವನು,” ಅಂದಳು.

“ಹೌದಮ್ಮ. ಬೆನ್ನಿಗೇ ಬಿದ್ದ.”

ಅಮ್ಮ ನಗಲಿಲ್ಲ. ಮತ್ತೆ ಬರಲೂ ಇಲ್ಲ.

ಅವಳ ತೋಳಿಗೆ ಕಟ್ಟಿದ ಜೋಲಿ ಇನ್ನೂ ಬಿಚ್ಚಿರಲಿಲ್ಲ. ಡ್ರೈವರ್ ಬಂದು, ಕೆಂಪು ಗುರುತಿನ ಕಂಬಗಳ ಮೇಲೇ ಮ್ಯಾನೇಜರ್ ಪ್ಯಾನೆಲ್ ಕೂರಿಸಿಬಿಟ್ಟಿದ್ದಾನೆ, ಜಾಮೀನಿನ ಮೇಲೆ ಹೊರಬಂದ ತಮ್ಮನೂ ಅಲ್ಲೇ ಇದ್ದಾನೆ ಎಂದು ತಿಳಿಸಿದ. ಅವಳು ತಕ್ಷಣ ಜೀಪು ಹತ್ತಿದಳು. ಅರ್ಧ ದಾರಿಯಲ್ಲಿ ಆಕಾಶ ಧೂಳಿನ ಬಣ್ಣಕ್ಕೆ ತಿರುಗಿತು. ಗೇಟು ದಾಟುವಾಗ ಗಾಳಿ ಜೀಪನ್ನೇ ಪಕ್ಕಕ್ಕೆ ತಳ್ಳುತ್ತಿತ್ತು.

ಗುಡ್ಡದ ಬದಿಯ ಮೊದಲ ಸಾಲು ಅವಳ ಕಣ್ಣೆದುರೇ ಎದ್ದಿತು. ಕಂಬಗಳು ಪಟಪಟನೆ ಕಿತ್ತು ಬಂದವು. ಇಡೀ ಸಾಲು ಮಗುಚಿ ಹಿಂದಿನ ಸಾಲಿನ ಮೇಲೆ ಬಿತ್ತು, ಅದು ಅದರ ಹಿಂದಿನದರ ಮೇಲೆ. ಗಾಜು ಆಲಿಕಲ್ಲಿನಂತೆ ಸುರಿಯಿತು. ಓಡುತ್ತಿದ್ದ ಆಳೊಬ್ಬನ ಕತ್ತಿಗೆ ಪ್ಯಾನೆಲ್ಲಿನ ಅಂಚು ತಗುಲಿ, ಅವನು ಎರಡು ಹೆಜ್ಜೆ ಮುಂದೆ ಹೋಗಿ ಕುಸಿದ; ಮತ್ತೆ ಏಳಲಿಲ್ಲ. ತಮ್ಮ ತೊಲೆಯೊಂದರ ಕೆಳಗೆ ಸಿಕ್ಕಿದ್ದ. ಮೊಣಕಾಲಿನ ಕೆಳಗೆ ಕಾಲಿನ ಆಕಾರವೇ ಇರಲಿಲ್ಲ.

ಅವಳು ತೆವಳುತ್ತ ಹೋದಳು. ನೋವಿನ ಭರದಲ್ಲಿ ಅವನು ಅವಳ ಕೂದಲು ಹಿಡಿದು ಜಗ್ಗಿದ, ಮುಖ ಪರಚಿದ. ಅವಳು ಜೋಲಿ ಬಿಚ್ಚಿ ಅವನ ತೊಡೆಗೆ ಸುತ್ತಿ, ಕಬ್ಬಿಣದ ತುಂಡು ತೂರಿಸಿ ತಿರುವಿ ಬಿಗಿದಳು. ಬಿಗಿಯುವಾಗ ಅವಳ ಹೆಗಲಿನ ಕೂಡುತ್ತಿದ್ದ ಮೂಳೆ ಮತ್ತೆ ಬಿಟ್ಟುಕೊಂಡಿತು. ಇಬ್ಬರೂ ಒಟ್ಟಿಗೇ ಅರಚಿದರು. ಗಾಳಿಯ ಸದ್ದಿನಲ್ಲಿ ಅದು ಡ್ರೈವರಿಗೆ ಕೂಡ ಕೇಳಿಸಲಿಲ್ಲ.

ತಮ್ಮನ ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಹಾಗೆಂದು ಅವಳು ನ್ಯಾಯಾಲಯದಲ್ಲಿ ಏನನ್ನೂ ಬಿಟ್ಟು ಹೇಳಲಿಲ್ಲ: ಬೆಳ್ಳಿ ಬಣ್ಣ, ಸ್ಪ್ಯಾನರ್, ಸತ್ತ ಆಳು, ಎಲ್ಲವೂ ಬಂತು. ನೀವೂ ಹೊಡೆದಿದ್ದೀರಲ್ಲವೇ ಎಂದು ವಕೀಲ ಕೇಳಿದ್ದಕ್ಕೆ, “ಹೌದು, ಹಲ್ಲು ಉದುರಿಸಿದೆ,” ಅಂದಳು. ಕಟಕಟೆಯಲ್ಲಿ ಕೂತಿದ್ದ ತಮ್ಮ ತಡೆಯಲಾರದೆ ನಕ್ಕುಬಿಟ್ಟ. ಮ್ಯಾನೇಜರಿಗೂ ಅವನಿಗೂ ಜೈಲಾಯಿತು. ಗುಡ್ಡದ ಬದಿಯಲ್ಲಿ ಬಂಡೆ ಕೊರೆಸಿ, ಕಂಬಗಳನ್ನು ಹೊಸದಾಗಿ ನಿಲ್ಲಿಸಿದವಳು ಅವಳೇ.

ಬಿಡುಗಡೆಯ ದಿನ ಅವಳು ಜೀಪು ತೆಗೆದುಕೊಂಡು ಜೈಲಿನ ಬಾಗಿಲಿಗೆ ಹೋದಳು. ಅವನು ಅವಳನ್ನು ನೋಡಿಯೂ ನೋಡದವನಂತೆ ಊರುಗೋಲು ಊರುತ್ತ ಬಸ್ ನಿಲ್ದಾಣದವರೆಗೂ ನಡೆದ, ಬಸ್ಸು ಬರಲಿಲ್ಲ. ವಾಪಸು ಬಂದು ಹಿಂದಿನ ಸೀಟಿನಲ್ಲಿ ಕೂತ. ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ ಇದ್ದ ಮನೆ ಬಂದಾಗ ಇಳಿದು, “ಒಳಗೆ ಬಾ,” ಅಂದ.

ಅಮ್ಮ ಹೊಸ್ತಿಲಲ್ಲೇ ಅವಳ ಕೆನ್ನೆಗೆ ಬಿಗಿದಳು. ಆಮೇಲೆ ದಾರಿ ಬಿಟ್ಟಳು. ಮೂವರೂ ಊಟಕ್ಕೆ ಕೂತರು. ತಮ್ಮ ನೀರಿನ ಲೋಟವನ್ನು ಅಕ್ಕನ ಕಡೆಗೆ ಸರಿಸಿದ.