ಅಪ್ಪನ ಬಾಯಿಗೆ ಎಲೆ-ಅಡಿಕೆ

ಸೈಕಲ್ ಕೂಡ ನೆಟ್ಟಗೆ ಹೊಡೆಯಲು ಬಾರದ ನಾನು, ಕಳೆದ ರವಿವಾರ ಟ್ರ್ಯಾಕ್ಟರ್ ಹೊಡೆಯುವುದು ಹೇಗೆಂದು ಪಾಠ ಹೇಳಿದೆ. ಅದೂ ಗಂಟಲು ಹರಿಯುವಂತೆ ಕೂಗಿ!

ನಮ್ಮ ಕಡೆ ಟ್ರೇಲರ್ ರಿವರ್ಸ್ ಸ್ಪರ್ಧೆ ಎಂಬುದೊಂದು ಹುಚ್ಚು. ಟ್ರ್ಯಾಕ್ಟರಿಗೆ ಖಾಲಿ ಟ್ರೇಲರ್ ಕಟ್ಟಿ, ಹೊಲದಲ್ಲಿ ಎಳೆದ ಎರಡು ಸುಣ್ಣದ ಗೆರೆಗಳ ನಡುವೆ ಹಿಂದಕ್ಕೆ ಓಡಿಸಬೇಕು. ಕೊಟ್ಟ ಸಮಯದಲ್ಲಿ ಯಾರು ಹೆಚ್ಚು ದೂರ ಹೋಗುತ್ತಾರೋ ಅವರು ಗೆದ್ದರು. ಗಾಲಿ ಗೆರೆ ಮುಟ್ಟಿತೋ, ಔಟ್. ಕೇಳಲು ಸುಲಭ. ಆದರೆ ಹಿಂದಕ್ಕೆ ಹೋಗುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೊರಳುತ್ತದೆ. (ಹರೆಯದ ಮಕ್ಕಳಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ನೇಸರಗಿ ಹತ್ತಿರದ ನಮ್ಮೂರಲ್ಲಿ ಈ ಸಲ ಗಂಡಸರ ಸಾಲಿನಲ್ಲಿ ಒಬ್ಬಳೇ ಹುಡುಗಿ. ನನ್ನ ಅಣ್ಣ ಬಸಣ್ಣನ ಮಗಳು ಸಹನಾ. ಬೈಲಹೊಂಗಲದಲ್ಲಿ ಡಿಗ್ರಿ ಕೊನೆಯ ವರ್ಷ ಓದುತ್ತಾಳೆ. ಹೆಸರು ಬರೆಸಿದವನು ಅಪ್ಪನೇ.

"ಟ್ರ್ಯಾಕ್ಟರಿಲೆ ಹೊಲಾ ರೆಂಟಿ ಹೊಡಿಯಾಕ ಬರತೈತಿ ಅಂದ್ರ ರಿವರ್ಸ್ ಯಾಕ ಬರಾಂಗಿಲ್ಲ?" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ.

ಪ್ರತಿಯೊಬ್ಬರಿಗೂ ಎರಡು ಪಾಳಿ. ಮೊದಲ ಪಾಳಿಗೆ ಸಹನಾ ಕೀಲಿ ತಿರುವಿದ್ದೇ ತಡ, ಬಸಣ್ಣ ಗೆರೆಯ ಪಕ್ಕದಲ್ಲಿ ಓಡತೊಡಗಿದ. ತಲೆಯ ಬಿಳಿ ಟೋಪಿ ಕೈಗೆ ಬಂತು. ಅದನ್ನು ಬೀಸುತ್ತಾ ಒಂದೇ ಸಮನೆ ಕೂಗು.

"ಮಗಳ, ಎಡಕ್ ಹೊಳ್ಳಸ! ಏ, ಸಾವಕಾಶ! ಬಲಕ್, ಬಲಕ್!"

ನಾನು ಸುಮ್ಮನಿರುತ್ತೇನೆಯೇ? ನಾನೂ ಕೂಗಿದೆ. ನನ್ನ ಪಕ್ಕದವರೂ ಕೂಗಿದರು. ಬದುವಿನ ಮೇಲೆ ನಿಂತವರೆಲ್ಲ ಡ್ರೈವರ್‌ಗಳೇ! ಟ್ರೇಲರ್ ಕುಡಿದವನಂತೆ ಆ ಕಡೆ ಈ ಕಡೆ ಹೊರಳಿ ಗೆರೆ ಮುಟ್ಟಿತು. ಶಿಳ್ಳೆ ಬಿತ್ತು. ಯಾರೋ ನಕ್ಕರು.

ಸಹನಾ ಇಳಿದು ಬಂದವಳೇ ಕೀಲಿಯನ್ನು ಅಪ್ಪನ ಕೈಗಿಟ್ಟಳು. "ತಗೋ. ಇನ್ನ ನಾ ಟ್ರ್ಯಾಕ್ಟರ್ ಹತ್ತಂಗಿಲ್ಲ. ಇವತ್ತೂ ಇಲ್ಲ, ಮುಂದೂ ಇಲ್ಲ."

"ನಾ ಹೇಳಿದಂಗ ಹೊಳ್ಳಿಸಿದ್ರ ಹಿಂಗ ಆಕ್ಕಿತ್ತೇನು?"

"ನೀ ಹೇಳೂದು ಖರೇನ ಇರತೈತಿ ಅಪ್ಪಾ. ಆದ್ರ ನೀ ಹೇಳೂದ್ರಾಗ ಗಾಲಿ ಹೊಳ್ಳಿರತೈತಿ!"

ಅಣ್ಣನ ಮುಖ ಸಣ್ಣದಾಯಿತು. "ಹಂಗಾರ ನಾ ಮನಿಗೆ ಹೋಗತೇನಿ. ನಿಂದು ನೀ ನೋಡ್ಕೋ."

"ಹೋಗಬ್ಯಾಡ," ಎಂದಳು ಹುಡುಗಿ. ಕಣ್ಣಲ್ಲಿ ನೀರಿತ್ತು. "ಹೋಗು ಅಂತ ಯಾರ ಅಂದ್ರು?"

ಆಗ ಎದ್ದವರು ನಮ್ಮ ವೈನಿ, ಸಹನಾಳ ತಾಯಿ ಶಾಂತವ್ವ. ಸೊಂಟದ ಎಲೆ-ಅಡಿಕೆ ಸಂಚಿ ಬಿಚ್ಚಿದರು. ಎರಡು ಎಲೆಗೆ ಸುಣ್ಣ ಸವರಿ, ಗೋಟಡಿಕೆ ಇಟ್ಟು ಮಡಚಿ, ಗಂಡನ ಬಾಯಿಗೆ ತುರುಕಿಯೇಬಿಟ್ಟರು.

"ಇದ ಕರಗೂತನಕ ತುಟಿ ಬಿಚ್ಚಬ್ಯಾಡ್ರಿ. ಅಲ್ಲಿ ಗೆರಿ ಮುಗದ ಮ್ಯಾಲೆ ಬದು ಐತೆಲ್ಲಾ, ಅಲ್ಲಿ ಕುಂದರ್‍ರಿ. ಟೋಪಿ ತಲಿ ಮ್ಯಾಲಿರಲಿ." ನನ್ನತ್ತ ತಿರುಗಿ, "ನಿಮಗೂ ಒಂದ ಕೊಡ್ಲೇನು?" ಎಂದರು. ಬೇಡವೆನ್ನಲು ಧೈರ್ಯವಾಗಲಿಲ್ಲ. ಅಣ್ಣನ ಕೈಯಿಂದ ಕೀಲಿ ಕಸಿದು ಮಗಳಿಗೆ ಕೊಟ್ಟು, "ಇನ್ನೊಂದ ಪಾಳಿ ಐತಿ. ಹತ್ತು" ಎಂದರು.

ಹುಡುಗಿ ಕೀಲಿಯನ್ನು ನೋಡಿದಳು, ಅವ್ವನನ್ನು ನೋಡಿದಳು. ಆಮೇಲೆ ಹತ್ತಿದಳು.

ಅಬ್ಬಾ, ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಮಾರಾಯ್ರೇ! ಟ್ರೇಲರ್ ಒಮ್ಮೆ ಬಲಕ್ಕೆ ವಾಲಿತು. ಅಣ್ಣ ಅರ್ಧ ಎದ್ದ. ವೈನಿ ಧೋತರ ಹಿಡಿದು ಜಗ್ಗಿದರು. ಅವನ ಬಾಯಿಯ ಕೆಂಪು ರಸ ಬಿಳಿ ಅಂಗಿಯ ಮೇಲೆ ಇಳಿಯಿತು. ಅಷ್ಟರಲ್ಲಿ ಸಹನಾ ತಾನೇ ಸ್ಟೇರಿಂಗ್ ಸರಿಪಡಿಸಿಕೊಂಡಿದ್ದಳು. ಟ್ರೇಲರ್ ನಮ್ಮತ್ತ ನೆಟ್ಟಗೆ ಬರುತ್ತಲೇ ಇತ್ತು. ಸಮಯ ಮುಗಿದ ಶಿಳ್ಳೆ ಬಿದ್ದಾಗ ಗಾಲಿ ಗೆರೆ ಮುಟ್ಟಿರಲಿಲ್ಲ!

ಬಹುಮಾನ ಬಂತೇ? ಇಲ್ಲ. ನಾಲ್ಕನೆಯವಳಾದಳು, ಬಹುಮಾನ ಮೂವರಿಗೆ ಮಾತ್ರ.

ಬಸಣ್ಣ ಮಗಳ ಬಳಿಗೆ ಓಡಿದ. ಹೇಳಲು ಬೇಕಾದಷ್ಟಿತ್ತು, ಆದರೆ ಬಾಯಿ ತುಂಬಿತ್ತು. ಉಗುಳಲು ಜಾಗ ಹುಡುಕುವಷ್ಟರಲ್ಲಿ, ಆ ಮನೆಯಲ್ಲಿ ಬಹುಶಃ ಮೊದಲ ಬಾರಿಗೆ, ಮಗಳೇ ಮೊದಲು ಮಾತಾಡಿದಳು.

"ನಾ ಗೆರಿ ನೋಡಲೇ ಇಲ್ಲ ಅಪ್ಪಾ. ಹಿಂದ ಹೊಳ್ಳಿ ನಿನ್ನ ಟೋಪಿ ನೋಡಕೋಂತ ಬಂದ್ನಿ. ಮದಲನೇ ಪಾಳ್ಯಾಗ ನೀ ಓಡ್ಯಾಡಾಕ ಹತ್ತಿದ್ದಿ. ನಾ ಎಲ್ಲಿ ಅಂತ ನೋಡ್ಲಿ?"

ಅಣ್ಣ ಟೋಪಿ ತೆಗೆದು ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ. (ಎಲೆಯ ಸುಣ್ಣ ಖಾರವಾಗಿತ್ತು ಎಂದುಕೊಳ್ಳಿ.)

ಮಗುವಿನ ಕುರ್ಚಿಯ ಹಿಂದೆ ನಿಂತು "ಅದು ಹಂಗಲ್ಲ, ಹಿಂಗ" ಎನ್ನುವ ನಾವೆಲ್ಲ ಯಾವ ಗೆರೆಯ ಪಕ್ಕ ಓಡುತ್ತಿದ್ದೇವೆ? ಹೇಳುವುದು ಖರೆಯೇ ಇರುತ್ತದೆ. ಒಳ್ಳೆಯದಕ್ಕೇ ಇರುತ್ತದೆ. ಆದರೂ ಮಕ್ಕಳು ಕೇಳುವುದು ಇಷ್ಟೇ: ಹೋಗಬೇಡಿ, ಕಾಣುವ ಹಾಗೆ ಕುಳಿತಿರಿ.

ಈ ಹಂಗಾಮಿನ ಬಿತ್ತನೆಗೆ ಟ್ರ್ಯಾಕ್ಟರ್ ಕೀಲಿ ಸಹನಾಳದೇ. ಬದುವಿನ ಮೇಲೆ ಬಸಣ್ಣ ಇರುತ್ತಾನಂತೆ, ಟೋಪಿ ಹಾಕಿಕೊಂಡು.

ಬರುವ ರವಿವಾರ ನನ್ನ ಮಗನ ಕಬಡ್ಡಿ ಪಂದ್ಯ. ವೈನಿ ಈಗಲೇ ನನಗೆ ಎಲೆ-ಅಡಿಕೆ ಕಟ್ಟಿ ಕಳಿಸಿದ್ದಾರೆ. ನಿಮಗೂ ಬೇಕೇನು?